ಗಾಡಿ ಪ್ರಶ್ನೆ: ಬಾಕ್ಸ್ ಇಳಿಸೋ ಮೊದಲು ಟೈರ್ ನೋಡಿ

ನಾಲೆಗೆ ನೀರು ಬಿಟ್ಟು ಮಂಡ್ಯದ ಗದ್ದೆ ಬಯಲು ಕೆಸರಾಯಿತು ಅಂದರೆ ನನಗೆ ಬರುವ ಪತ್ರಗಳೇ ಬೇರೆ ಥರ ಆಗುತ್ತವೆ. ಬೇಸಿಗೆಯಲ್ಲಿ ಎಲ್ಲರಿಗೂ ರೇಡಿಯೇಟರ್ ಮತ್ತು ಬ್ಯಾಟರಿಯದ್ದೇ ಚಿಂತೆ. ಈಗ ಬರೀ ಫೋರ್ ವೀಲ್, ಅಂದರೆ ಎಂಜಿನ್ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಕೊಡಬಲ್ಲ ಗಾಡಿಗಳದ್ದೇ. ಹಾಗಾಗಿ ಈ ಸಲ ಹಳೇ ಪಿಕಪ್‌ಗಳ, ಅದರಲ್ಲೂ ಫೋರ್ ವೀಲ್ ಇರುವವುಗಳ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಕಾರಿನವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನನ್ನದು 2009ರ ಬೊಲೆರೊ ಕ್ಯಾಂಪರ್ ಫೋರ್ ವೀಲ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಕಬ್ಬಿನ ಬಿತ್ತನೆ ತುಂಬಿಕೊಂಡು ಗದ್ದೆಯಿಂದ ಏರಿ ಮೇಲಕ್ಕೆ ಹತ್ತಿಸುವಾಗ ಫೋರ್ ವೀಲ್ ಹಾಕಿದೆ. ತೆಗೆಯೋದು ಮರೆತು ಟಾರ್ ರೋಡಿನಲ್ಲಿ ಪಾಂಡವಪುರದವರೆಗೂ ಬಂದೆ. ಈಗ ಚಿಕ್ಕ ಲಿವರ್ ಟೂ ವೀಲ್‌ಗೆ ಬರುತ್ತಲೇ ಇಲ್ಲ. ತಿರುವಿನಲ್ಲಿ ಗಾಡಿ ಹಿಡಿದುಕೊಳ್ಳುತ್ತದೆ. ಫೋರ್ ವೀಲ್ ಬಾಕ್ಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್) ಹೋಗಿದೆ, ಇಳಿಸಬೇಕು, 35 ಸಾವಿರ ಆಗುತ್ತೆ ಅಂತ ಗ್ಯಾರೇಜಿನವರು ಹೇಳಿದ್ದಾರೆ. ಇಳಿಸಲೇ?
— ರೈತ, ಪಾಂಡವಪುರ ತಾಲ್ಲೂಕು

ಉತ್ತರ: ಬೇಡ ಕಣಣ್ಣ, ಈಗಲೇ ಇಳಿಸಬೇಡಿ. ನೀವು ಬರೆದದ್ದನ್ನು ನೋಡಿದರೆ ಬಾಕ್ಸ್ ಹೋಗಿಲ್ಲ, ಬಿಗಿದುಕೊಂಡಿದೆ ಅಷ್ಟೆ.

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಕೆಸರಿನ ಮೇಲೆ ಗಾಡಿ ತಿರುಗಿಸಿ ಅಚ್ಚು ನೋಡಿ, ಗೊತ್ತಾಗುತ್ತದೆ. ಟೂ ವೀಲ್‌ನಲ್ಲಿ ಇದರಿಂದ ಏನೂ ತೊಂದರೆ ಇಲ್ಲ, ಮುಂದಿನ ಚಕ್ರ ತನ್ನ ಪಾಡಿಗೆ ತಾನು ಉರುಳುತ್ತದೆ. ಫೋರ್ ವೀಲ್ ಹಾಕಿದ ತಕ್ಷಣ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಬಾಕ್ಸ್ ಒಂದಕ್ಕೊಂದು ಕಟ್ಟಿಹಾಕುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ನಿಮ್ಮಂಥ ಗಾಡಿಯಲ್ಲಿ ನಡುವೆ ಆ ವ್ಯತ್ಯಾಸ ನುಂಗಿಕೊಳ್ಳೋಕೆ ಇನ್ನೊಂದು ಡಿಫರೆನ್ಶಿಯಲ್ ಇಲ್ಲ. ಕೆಸರಿನಲ್ಲಿ ಟೈರ್ ಒಂಚೂರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರ್ ಮೇಲೆ ಎಲ್ಲಿ ಜಾರುತ್ತೆ ಹೇಳಿ? ಆ ತಿರುಚೆಲ್ಲ ಶಾಫ್ಟಿನಲ್ಲಿ, ಹಲ್ಲುಗಳಲ್ಲಿ ಸೇರಿಕೊಂಡು ಕೂರುತ್ತದೆ. ಹಲ್ಲು ಹಲ್ಲಿಗೆ ಒತ್ತಿಕೊಂಡಿರುವಾಗ ಲಿವರ್ ಎಳೆದರೆ ಹೇಗೆ ಬರಬೇಕು?

ಮಟ್ಟಸವಾದ ಖಾಲಿ ಜಾಗಕ್ಕೆ ಹೋಗಿ. ಸ್ಟೀರಿಂಗ್ ನೇರ ಇಟ್ಟು ಹತ್ತು ಹದಿನೈದು ಮೀಟರ್ ನಿಧಾನವಾಗಿ ರಿವರ್ಸ್ ಬನ್ನಿ. ಹಾಗೆ ಬರುತ್ತಿರುವಾಗಲೇ ಕ್ಲಚ್ ಒತ್ತಿ ಲಿವರ್ ಮೇಲೆ ಹಗುರವಾಗಿ ಕೈಯಿಟ್ಟು ಎಳೆಯಿರಿ. ಬಹಳ ಸಲ 'ಟಕ್' ಅಂತ ಬಂದುಬಿಡುತ್ತದೆ. ಬರಲಿಲ್ಲವಾದರೆ ಗಾಡಿಯನ್ನು ಸಡಿಲ ಮಣ್ಣಿಗೆ ಅಥವಾ ಮರಳಿಗೆ ಇಳಿಸಿ ಅದನ್ನೇ ಮತ್ತೆ ಮಾಡಿ. ಅಲ್ಲೂ ಆಗದಿದ್ದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರವನ್ನು ಜಾಕಿ ಹಾಕಿ ಎತ್ತಿ. ನೆಲ ಬಿಟ್ಟ ಕೂಡಲೇ ಆ ಚಕ್ರ ತಾನಾಗಿ ಗಿರಕ್ಕನೆ ತಿರುಗಬಹುದು, ಕೈ ದೂರ ಇರಲಿ. ಲಿವರ್‌ಗೆ ಪೈಪ್ ಸಿಕ್ಕಿಸಿ ಎಳೆಯೋದು, ಸುತ್ತಿಗೆಯಿಂದ ಬಡಿಯೋದು ಮಾಡಬೇಡಿ. ಒಳಗೆ ಹಲ್ಲುಗಳನ್ನು ಸರಿಸುವ ಫೋರ್ಕ್ ಬಗ್ಗಿದರೆ ಆಗ ನಿಜವಾಗಿಯೂ ಬಾಕ್ಸ್ ಇಳಿಸಬೇಕಾಗುತ್ತದೆ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಗಾಡಿಯ ನಾಲ್ಕೂ ಟೈರ್ ಒಂದೇ ಸೈಜಿನವಾ? ಒಂದೇ ಸವೆತವಾ? ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರು ಎರಡು ಹೊಸ ಟೈರ್ ಹಾಕಿಸಿ ಎರಡು ಹಳೇದು ಉಳಿಸಿರುತ್ತಾರೆ. ಟೂ ವೀಲ್ ಗಾಡಿಗೆ ಅದು ನಡೆಯುತ್ತದೆ. ಫೋರ್ ವೀಲ್‌ಗೆ ನಡೆಯೋದಿಲ್ಲ. ಲೆಕ್ಕ ಹಾಕಿ ನೋಡಿ: 15 ಇಂಚಿನ ರಿಮ್ಮಿನ 215/75 ಟೈರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಹೊಸ ಟೈರಿನ ಗುಂಡಿ (ಮೇಲಿನ ಹಿಡಿತದ ಉಬ್ಬು) 8 ಮಿಲಿಮೀಟರ್ ಎತ್ತರ, ಸವೆದದ್ದು 3 ಅಂತ ಇಟ್ಟುಕೊಳ್ಳೋಣ. ಈ 5 ಮಿಲಿಮೀಟರಿನಿಂದ ಒಂದೊಂದು ಸುತ್ತಿಗೂ 3 ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಒಂದು ಕಿಲೋಮೀಟರಿಗೆ 450 ಸುತ್ತು ಆಯಿತಲ್ಲ, ಸುಮಾರು 14 ಮೀಟರ್! ನೇರ ರಸ್ತೆಯಲ್ಲಿ ಸ್ಟೀರಿಂಗ್ ಅಲುಗಿಸದೆ ಹೋದರೂ ಮುಂದಿನದ್ದಕ್ಕೂ ಹಿಂದಿನದ್ದಕ್ಕೂ ಜಗಳ ನಡೆಯುತ್ತಲೇ ಇರುತ್ತದೆ. ಟೈಲರ್ ಟೇಪು ತಗೊಂಡು ನಾಲ್ಕೂ ಟೈರಿನ ಸುತ್ತಳತೆ ತೆಗೆಯಿರಿ. ಗಾಳಿ ಸರಿ ಹೊಡೆಸಿದ ಮೇಲೆ ಅಳೆಯಿರಿ. ಹಿಂದೆ ಮುಂದೆ ಜಾಸ್ತಿ ವ್ಯತ್ಯಾಸ ಇದ್ದರೆ 35 ಸಾವಿರದ ಬದಲು ಮೊದಲು ಟೈರಿಗೆ ದುಡ್ಡು ಹಾಕಿ.

ಬಾಕ್ಸ್ ಇಳಿಸಲೇಬೇಕಾದ ಗಾಡಿಯೂ ಇರುತ್ತದೆ. ಕೆಸರಿನಲ್ಲಿ ಹೋಗುವಾಗ ತಾನಾಗಿ ಫೋರ್ ವೀಲ್‌ನಿಂದ ಹೊರಗೆ ಹಾರಿದರೆ, ಎಣ್ಣೆ ಬಿಟ್ಟಾಗ ಉಗುರಿನಷ್ಟು ಕಬ್ಬಿಣದ ಚೂರು ಬಂದರೆ ಇಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಗಾಡಿಯ ಕೆಳಗೆ ಮಲಗಿ ಲಿವರಿನ ಬುಡದ ಕೀಲುಗಳನ್ನು ನೋಡಿ. ಗದ್ದೆ ಮಣ್ಣು ಅಲ್ಲಿ ಒಣಗಿ ಗಾರೆ ಆಗಿರುತ್ತದೆ. ತೊಳೆದು ಎಣ್ಣೆ ಬಿಟ್ಟರೆ ಅರ್ಧ ಬಿಗಿ ಅಲ್ಲೇ ಬಿಡುತ್ತದೆ.

ಇಷ್ಟೆಲ್ಲ ಓದಿ ಹೆದರಿ ಫೋರ್ ವೀಲ್ ಮುಟ್ಟದೆ ಇರಬೇಡಿ. ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಹಾಕಿ ಓಡಿಸಿ. ಮುಂದಿನ ಹೌಸಿಂಗಿನ (ಚಕ್ರಗಳ ನಡುವೆ ಆಕ್ಸಲ್, ಡಿಫರೆನ್ಶಿಯಲ್ ಇರುವ ಕವಚ) ಎಣ್ಣೆ ಅಲುಗಬೇಕು, ಸೀಲ್ ಒಣಗಬಾರದು. ಲೋ ರೇಂಜ್ (ವೇಗ ಕಡಿಮೆ, ಎಳೆತ ಜಾಸ್ತಿ ಇರುವ ಗೇರ್) ಹಾಕುವುದಾದರೆ ಗಾಡಿ ನಿಲ್ಲಿಸಿ ಹಾಕಿ.

ಪ್ರಶ್ನೆ: ಪಶು ಆಹಾರದ ಮೂಟೆ ಸಾಗಿಸೋಕೆ ನಾನೇ ಪಿಕಪ್ ಓಡಿಸುತ್ತೇನೆ. ಕ್ಲಚ್ ಬಿಟ್ಟ ಕೂಡಲೇ ಕೆಳಗೆ 'ಟಣ್' ಅನ್ನುತ್ತದೆ. ರಿವರ್ಸ್ ಹಾಕಿದರೆ ಮತ್ತೊಂದು 'ಟಣ್'. ಗ್ಯಾರೇಜಿನಲ್ಲಿ ಹೇಳಿದರೆ "ಕ್ಲಚ್ ನಿಧಾನ ಬಿಡಿ ಮೇಡಂ" ಅಂತಾರೆ.
— ಹೈನುಗಾರ್ತಿ, ಮದ್ದೂರು

ಉತ್ತರ: ನೀವು ಕ್ಲಚ್ ಚೆನ್ನಾಗಿಯೇ ಬಿಡುತ್ತಿದ್ದೀರಿ ಅಕ್ಕಾ. ಮುಂದೆ ಒಂದು, ಹಿಂದೆ ಒಂದು ಶಬ್ದ ಬಂತು ಅಂದರೆ ಎಲ್ಲೋ ಸಡಿಲ ಇದೆ ಅಂತ ಅರ್ಥ. ಹತ್ತಕ್ಕೆ ಎಂಟು ಗಾಡಿಯಲ್ಲಿ ಅದು ಪ್ರೊಪೆಲ್ಲರ್ ಶಾಫ್ಟಿನ (ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದ ಕೊಳವೆ) ತುದಿಯ ಕೀಲು, ಅಂದರೆ ಕ್ರಾಸ್.

ಇದನ್ನು ನೀವೇ ನೋಡಬಹುದು. ಮಟ್ಟ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದೆ ಹಿಂದೆ ಎರಡೂ ಕಡೆ ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ಆಫ್ ಮಾಡಿ ನ್ಯೂಟ್ರಲ್ ಹಾಕಿ. ಕೆಳಗೆ ಹೋಗಿ ಶಾಫ್ಟನ್ನು ಒಂದು ಕೈಯಲ್ಲಿ, ಅದು ಸೇರುವ ಫ್ಲಾಂಜನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ಕ್ರಾಸಿನಲ್ಲಿ ಆಟ ಇದ್ದರೆ ಕೈಗೇ ಗೊತ್ತಾಗುತ್ತದೆ. ಕ್ರಾಸಿನ ತುದಿಯ ಬೇರಿಂಗ್ ಕಪ್‌ನ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ತಿನ್ನುತ್ತಿದೆ. ಅದಕ್ಕೆ ಗ್ರೀಸ್ ಹೊಡೆದರೆ ಮೂರು ದಿನ ಸುಮ್ನಿರುತ್ತದೆ, ಅಷ್ಟೆ. ಬದಲಾಯಿಸಿಬಿಡಿ. ನಿಮ್ಮ ಗಾಡಿ ಫೋರ್ ವೀಲ್ ಆಗಿದ್ದರೆ ಮುಂದಿನ ಶಾಫ್ಟ್ ಕೂಡ ಇದೆ. ಅದನ್ನು ಎಲ್ಲರೂ ಮರೆಯುತ್ತಾರೆ.

ಬಿಚ್ಚುವ ಹುಡುಗನಿಗೆ ಒಂದು ಮಾತು ಹೇಳಿ: ಬೋಲ್ಟ್ ಕಳಚುವ ಮೊದಲು ಶಾಫ್ಟಿಗೂ ಫ್ಲಾಂಜಿಗೂ, ಉದ್ದ ಗಿಡ್ಡ ಆಗುವ ಸ್ಲೀವ್ ಭಾಗಕ್ಕೂ ಪೇಂಟಿನಿಂದ ಗೆರೆ ಎಳೆಯಲಿ. ವಾಪಸ್ ಹಾಕುವಾಗ ಗೆರೆಗೆ ಗೆರೆ ಕೂಡಬೇಕು. ಒಂದು ಹಲ್ಲು ಆಚೆ ಈಚೆ ಆದರೂ ಶಾಫ್ಟಿನ ಎರಡು ತುದಿಯ ಕವಲುಗಳ ಹೊಂದಾಣಿಕೆ ತಪ್ಪಿ, ಓಡುವಾಗ ಗಾಡಿಯೆಲ್ಲ ನಡುಗುತ್ತದೆ. ಆಮೇಲೆ ಸೆಂಟರ್ ಬೇರಿಂಗ್ ಹೋಯಿತು, ಎಂಜಿನ್ ಮೌಂಟ್ ಹೋಯಿತು ಅಂತ ಒಂದೊಂದಾಗಿ ಬದಲಾಯಿಸುತ್ತಾ ಹೋಗುತ್ತಾರೆ. ಗ್ರೀಸ್ ಹೊಡೆಯುವ ನಿಪ್ಪಲ್ ಇರುವ ಕ್ರಾಸ್ ಹಾಕಿಸಿ. 5,000 ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೆಸಿ, ನೀರಲ್ಲಿ ಇಳಿಸಿದ್ದರೆ ಅದರ ಮಾರನೇ ದಿನವೇ ಹೊಡೆಸಿ. ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕುವವರೆಗೆ.

ಪ್ರಶ್ನೆ: ತೋಟಕ್ಕೆ ಹೋಗೋಕೆ ಹಳ್ಳ ದಾಟಬೇಕು. ಮಳೆಗಾಲದಲ್ಲಿ ಚಕ್ರ ಅರ್ಧ ಮುಳುಗುತ್ತದೆ. ಮೊನ್ನೆ ಸರ್ವಿಸ್‌ನಲ್ಲಿ ಹಿಂದಿನ ಹೌಸಿಂಗ್ ಎಣ್ಣೆ ಬಿಟ್ಟರೆ ಹಾಲು ಬೆರೆಸಿದ ಕಾಫಿ ಬಂದ ಹಾಗೆ ಬಂತು. ಸೀಲ್ ಹೊಸದು ಹಾಕಿಸಿ ಇನ್ನೂ ವರ್ಷ ಆಗಿಲ್ಲ. ನೀರು ಎಲ್ಲಿಂದ ಹೋಯಿತು?
— ಬಾಳೆ ಬೆಳೆಗಾರ, ಎಚ್.ಡಿ. ಕೋಟೆ

ಉತ್ತರ: ಸೀಲಿನಿಂದಲೇ ಹೋಗಿದೆ. ಆದರೆ ತಪ್ಪು ಸೀಲಿನದಲ್ಲ, ಬ್ರೀದರಿನದು. ಹೌಸಿಂಗಿನ ಮೇಲೆ ಸಣ್ಣ ಮುಚ್ಚಳದ ಥರ ಒಂದು ಕೊಳವೆ ಇರುತ್ತದೆ, ನೋಡಿದ್ದೀರಾ? ಗಾಡಿ ಓಡಿದಾಗ ಒಳಗಿನ ಎಣ್ಣೆ, ಗಾಳಿ ಬಿಸಿಯಾಗಿ ಹಿಗ್ಗುತ್ತವೆ. ಆ ಗಾಳಿ ಹೊರಗೆ ಹೋಗೋಕೆ ಇರುವ ದಾರಿ ಅದು. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ತೆರೆದಿದ್ದರೆ ಅಲ್ಲಿಂದ ಎಳೆಯುತ್ತದೆ. ಅದು ಕೆಸರು ತುಂಬಿ ಮುಚ್ಚಿದ್ದರೆ ಸೀಲಿನ ತುಟಿಯಿಂದ ನೀರನ್ನೇ ಎಳೆಯುತ್ತದೆ. ಸೀಲ್ ಇರುವುದು ಒಳಗಿನ ಎಣ್ಣೆ ತಡೆಯೋಕೆ. ಹೊರಗಿನ ನೀರು ತಡೆಯುವ ತಾಕತ್ತು ಅದಕ್ಕೆ ಕಡಿಮೆ.

ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಬಾಯಲ್ಲಿ ಊದಿ ನೋಡಿ. ಇನ್ನೂ ಒಳ್ಳೇದು ಬೇಕಾದರೆ ಅದನ್ನು ತೆಗೆದು ಎಣ್ಣೆ ತಡೆಯುವ ರಬ್ಬರ್ ಪೈಪ್ ಕೂರಿಸಿ, ಲೋಡ್ ಬಾಡಿಯ ಮೇಲ್ಭಾಗದವರೆಗೆ ಎತ್ತಿ ಕಟ್ಟಿಸಿ, ತುದಿಯನ್ನು ಕೆಳಮುಖ ಬಗ್ಗಿಸಿ. ಚಕ್ರ ಮೇಲೆ ಕೆಳಗೆ ಆಡುತ್ತದೆ, ಪೈಪ್ ಬಿಗಿಯಾಗದಂತೆ ಸಡಿಲ ಬಿಡಿ. ಮುಂದಿನ ಹೌಸಿಂಗಿಗೂ ಹಾಗೆಯೇ ಮಾಡಿಸಿ. ಹಳ್ಳ ಸಿಕ್ಕಿದ ಕೂಡಲೇ ಧುಮುಕಬೇಡಿ, ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಇಳಿಸಿ. ನೀರು ಎಷ್ಟಿದೆ ಅಂತ ಗೊತ್ತಿಲ್ಲದಿದ್ದರೆ ಫೋರ್ ವೀಲ್ ಇದ್ದರೂ ಇಳಿಸಬೇಡಿ. ಗಾಡಿ ತೇಲಲು ಶುರುವಾದರೆ ಚಕ್ರ ನಾಲ್ಕಿದ್ದರೂ ಅಷ್ಟೇ, ಆರಿದ್ದರೂ ಅಷ್ಟೇ.

ಆ ಎಣ್ಣೆಯಲ್ಲಿ ಇನ್ನು ಓಡಿಸಲೇಬೇಡಿ, ಒಳಗಿನ ಕ್ರೌನ್ ಪಿನಿಯನ್ ಹಲ್ಲುಗಳನ್ನು ತಿಂದು ಹಾಕುತ್ತದೆ. ಹೊಸದು ಹಾಕಿ ಸ್ವಲ್ಪ ಓಡಿಸಿ ಬಿಟ್ಟು, ಮತ್ತೊಮ್ಮೆ ಹೊಸದು ಹಾಕಿಸಿ. ಎಣ್ಣೆ ಬಿಡುವಾಗ ಮೊದಲು ಬಿಚ್ಚಬೇಕಾದದ್ದು ಮೇಲಿನ ತುಂಬುವ ಬಿರಡೆ. ಕೆಳಗಿನದನ್ನು ಬಿಚ್ಚಿ ಎಣ್ಣೆ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂರಬೇಕಾಗುತ್ತದೆ. ಬಿರಡೆಯ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಗಾಬರಿ ಬೇಡ, ಅದು ಸಹಜ ಸವೆತ. ಹೌಸಿಂಗಿಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ ಸರಿ. ಅದೇ ಡಬ್ಬ ಮಿಕ್ಕಿದೆ ಅಂತ ಗೇರ್ ಬಾಕ್ಸಿಗೆ ಸುರಿಯಬೇಡಿ. ಹಳೇ ಗೇರ್ ಬಾಕ್ಸ್ ಒಳಗೆ ಗೇರ್ ನಯವಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಜಿಎಲ್-4 ಬೇಕು. ಫೋರ್ ವೀಲ್ ಬಾಕ್ಸಿನದು ಇನ್ನೂ ಬೇರೆ. ಕೆಲವಕ್ಕೆ ಗೇರ್ ಎಣ್ಣೆ, ಕೆಲವಕ್ಕೆ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆ). ಗಾಡಿಯ ಪುಸ್ತಕ ನೋಡಿಯೇ ಹಾಕಿಸಿ.

ಪ್ರಶ್ನೆ: ಹಳೇ ಡೀಸೆಲ್ ಪಿಕಪ್, ಹೊಸ ಥರದ ಕಾಮನ್ ರೇಲ್ ಎಂಜಿನ್ ಅಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಬಹಳ ಸತಾಯಿಸುತ್ತದೆ. ಒಮ್ಮೆ ಆದರೆ ದಿನವೆಲ್ಲ ಸರಿ. ಪಂಪು ನಾಜಲ್ ಕೆಲಸ ಅಂತಾರೆ.
— ಅಂಗಡಿ ಮಾಲೀಕ, ನಾಗಮಂಗಲ

ಉತ್ತರ: ಪಂಪು ಬಿಚ್ಚೋದು ಕೊನೇ ಕೆಲಸ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಬಿಳಿ ಹೊಗೆ ಬರುತ್ತಿದೆಯಾ? ಹಾಗಾದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೀಟರ್ ಪ್ಲಗ್, ಅದರ ರಿಲೇ, ಬ್ಯಾಟರಿ ಪರೀಕ್ಷೆ ಮಾಡಿಸಿ. ಹೊಗೆಯೇ ಇಲ್ಲವಾ? ಡೀಸೆಲ್ ಬರುತ್ತಿಲ್ಲ. ರಾತ್ರಿಯೆಲ್ಲ ಎಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ. ಸಾಯಂಕಾಲ ನಿಲ್ಲಿಸುವಾಗ ಫಿಲ್ಟರ್ ಮೇಲಿನ ಕೈಪಂಪು ಗಟ್ಟಿಯಿದ್ದು ಬೆಳಿಗ್ಗೆ ಮೆತ್ತಗಿದ್ದರೆ ಇದೇ ಅಂತ ತಿಳಿಯಿರಿ.

ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪ್ ಬದಲು ತಾತ್ಕಾಲಿಕವಾಗಿ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಹಾಕಿ. ಗುಳ್ಳೆ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಟ್ಯಾಂಕಿನ ಕಡೆಯಿಂದ ಒಂದೊಂದೇ ಜೋಡಣೆ ನೋಡುತ್ತಾ ಬನ್ನಿ. ಸೀಳಿದ ರಬ್ಬರ್, ಮತ್ತೆ ಮತ್ತೆ ಹಾಕಿದ ತಾಮ್ರದ ವಾಷರ್, ಸರಿಯಾಗಿ ಕೂರದ ಫಿಲ್ಟರ್ ರಿಂಗ್, ಇವೇ ಕಳ್ಳರು. ಗಾಳಿ ಎಳೆಯುವ ತೂತಿನಿಂದ ಡೀಸೆಲ್ ಸೋರಲೇಬೇಕು ಅಂತೇನಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ಟಾಟಾ ಝೆನಾನ್ ಫೋರ್ ಬೈ ಫೋರ್. ಫೋರ್ ವೀಲ್ ಹಾಕುವ ನಾಬ್ ತಿರುಗಿಸಿದರೆ ದೀಪ ಮಿಣುಕುತ್ತಲೇ ಇರುತ್ತದೆ. ಬಾಕ್ಸನ್ನು ಬದಲಿಸುವ ಮೋಟರ್ ಹೋಗಿದೆಯಾ?
— ಓದುಗ, ಹೆಬ್ಬಾಳ, ಮೈಸೂರು

ಉತ್ತರ: ಇರಬಹುದು, ಆದರೆ ಅದನ್ನು ಕೊನೆಗೆ ಕೊಳ್ಳಿ. ಮೊದಲು ಬ್ಯಾಟರಿ ವೋಲ್ಟೇಜ್, ಫ್ಯೂಸ್, ಚಾಸಿಸ್ ಅರ್ಥಿಂಗ್. ಆಮೇಲೆ ಮೋಟರಿನ ಕನೆಕ್ಟರ್ ಬಿಚ್ಚಿ ಒಳಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ನಮ್ಮ ಶೆಡ್ಡಿಗೆ ಬರುವ ಇಂಥ ಗಾಡಿಗಳಲ್ಲಿ ಅಲ್ಲೇ ಬಹಳ ಸಲ ಸಿಕ್ಕಿಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಕೂರಿಸಿ. ಕೀ ಆನ್ ಮಾಡಿ ನಾಬ್ ತಿರುಗಿಸಿದಾಗ ಕೆಳಗೆ ಮೋಟರ್ 'ಗುರ್' ಅಂದರೆ ಅದು ಬದುಕಿದೆ.

ಪ್ರಶ್ನೆ: ಲೋಡ್ ಹಾಕಿದರೆ ಹಿಂದೆ ಕೂರುತ್ತದೆ. ಸ್ಪ್ರಿಂಗಿಗೆ ಇನ್ನೆರಡು ಪಟ್ಟೆ ಸೇರಿಸಲೇ?
— ಎಳನೀರು ವ್ಯಾಪಾರಿ, ಕೆ.ಆರ್. ಪೇಟೆ

ಉತ್ತರ: ಆರ್‌ಸಿಯಲ್ಲಿ ಬರೆದ ತೂಕ ಹಾಕಿದರೂ ಕೂರುತ್ತದಾ, ಇಲ್ಲ ನೀವು ಹಾಕುವ ತೂಕಕ್ಕೆ ಕೂರುತ್ತದಾ? ಮೊದಲನೆಯದಾದರೆ ಹಳೇ ಪಟ್ಟೆಗಳು ಸೋತಿವೆ. ಕಟ್ಟು ಬಿಚ್ಚಿಸಿ, ಸೀಳಿದ್ದನ್ನು ಬದಲಾಯಿಸಿ, ಶ್ಯಾಕಲ್ ಬುಷ್ ಹಾಕಿಸಿ, ಸೆಂಟರ್ ಬೋಲ್ಟ್ ಹೊಸದು ಹಾಕಿಸಿ. ಎರಡನೆಯದಾದರೆ ನನ್ನ ಉತ್ತರ ನಿಮಗೆ ಇಷ್ಟ ಆಗೋದಿಲ್ಲ.

ಪಟ್ಟೆ ಸೇರಿಸುವವರು ಒಂದು ವಿಷಯ ಹೇಳುವುದೇ ಇಲ್ಲ. ಬಹಳ ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗಿಗೂ ಚಾಸಿಸ್‌ಗೂ ನಡುವೆ ಒಂದು ಸಣ್ಣ ಕಡ್ಡಿ, ಅದಕ್ಕೆ ಬ್ರೇಕಿನ ವಾಲ್ವ್ ಇರುತ್ತದೆ. ಬಾಡಿ ಎಷ್ಟು ಕೂತಿದೆ ಅಂತ ನೋಡಿಕೊಂಡು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ತೀರ್ಮಾನ ಮಾಡುತ್ತದೆ. ನೀವು ಪಟ್ಟೆ ಸೇರಿಸಿ ಬಾಡಿ ಕೂರದ ಹಾಗೆ ಮಾಡಿದರೆ, ಗಾಡಿ ಖಾಲಿ ಇದೆ ಅಂತಲೇ ಅದು ತಿಳಿಯುತ್ತದೆ. ಮೇಲೆ ಎಳನೀರು ತುಂಬಿದೆ, ಹಿಂದಿನ ಬ್ರೇಕ್ ಮಾತ್ರ ಖಾಲಿ ಗಾಡಿಯದ್ದು. ಬೇಕಾ?

ಪ್ರಶ್ನೆ: ಲೋಡ್ ಬಾಡಿ, ಚಾಸಿಸ್ ತುಕ್ಕು ಹಿಡಿಯುತ್ತಿದೆ. ಸುಟ್ಟ ಆಯಿಲ್ ಬಳಿಯಲೇ?
— ಗೊಬ್ಬರ ವ್ಯಾಪಾರಿ, ಮಳವಳ್ಳಿ

ಉತ್ತರ: ನಿಮ್ಮ ಕಸುಬಿನಲ್ಲೇ ಉತ್ತರ ಇದೆ. ಪೊಟ್ಯಾಷ್, ಯೂರಿಯಾ ಚೆಲ್ಲಿ ತೇವ ಹಿಡಿದರೆ ಕಬ್ಬಿಣ ತಿನ್ನುತ್ತದೆ. ಪ್ರತಿ ಲೋಡ್ ಆದ ಮೇಲೆ ಗುಡಿಸಿ, ವಾರಕ್ಕೊಮ್ಮೆ ನೀರು ಹೊಡೆದು, ಬಾಡಿಯ ತಳದ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ. ಸುಟ್ಟ ಆಯಿಲ್ ಬೇಡ. ರಬ್ಬರ್ ಬುಷ್ ಉಬ್ಬುತ್ತದೆ, ಧೂಳು ಅಂಟುತ್ತದೆ, ಬ್ರೇಕಿಗೆ ಸಿಡಿದರೆ ಕಷ್ಟ. ತುಕ್ಕು ಉಜ್ಜಿ ಪ್ರೈಮರ್, ಅದರ ಮೇಲೆ ಪೇಂಟ್. ಪಟ್ಟೆ ನೇತುಹಾಕುವ ಬ್ರ್ಯಾಕೆಟ್ಟಿನ ಸುತ್ತ ಚಾಸಿಸ್ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ. 'ಠಣ್' ಅಂದರೆ ಸರಿ, 'ಡಬ್' ಅಂದರೆ ಟಿಂಕರಿಂಗ್ ಮಾಡುವವರ ಹತ್ತಿರ ಹೋಗುವ ಕಾಲ ಬಂದಿದೆ. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ವೈರ್ ಕಳಚಿಸಿ.

ಪ್ರಶ್ನೆ: ಹುಣಸೂರು ಕಡೆ ಎರಡು ಎಕರೆ ತೋಟ ಮಾಡಿದ್ದೇನೆ. ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಕೊನೇ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ. ಹಳೇ ಫೋರ್ ವೀಲ್ ಪಿಕಪ್ ತಗೊಳ್ಳೋ ಆಸೆ. ಏನು ನೋಡಬೇಕು?
— ನಿವೃತ್ತ ಉಪನ್ಯಾಸಕರು, ಕುವೆಂಪುನಗರ, ಮೈಸೂರು

ಉತ್ತರ: ಸರ್, ಆಸೆ ಅಂತ ನೀವೇ ಬರೆದಿದ್ದೀರಿ. ಅರ್ಧ ಕಿಲೋಮೀಟರ್ ಮಣ್ಣು ರಸ್ತೆಗೆ ಫೋರ್ ವೀಲ್ ಬೇಕಿಲ್ಲ. ಟೂ ವೀಲ್ ಪಿಕಪ್ಪಿಗೆ ಹಿಂದೆ ಎರಡು ಒಳ್ಳೇ ಗುಂಡಿಯ ಟೈರ್ ಹಾಕಿಸಿ, ಬಾಡಿಯಲ್ಲಿ ಎರಡು ಮೂಟೆ ಮರಳು ಇಟ್ಟುಕೊಂಡರೆ ವರ್ಷದ ಬಹುಪಾಲು ದಿನ ಹೋಗಿ ಬರಬಹುದು. ಇನ್ನೊಂದು ಹೌಸಿಂಗ್, ಇನ್ನೊಂದು ಬಾಕ್ಸ್, ಇನ್ನೊಂದು ಶಾಫ್ಟ್ ಸಾಕುವ ಖರ್ಚು ಉಳಿಯುತ್ತದೆ.

ಆದರೂ ಆಸೆಗೆ ಬೇಡ ಅನ್ನೋಕೆ ನಾನು ಯಾರು? ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ, ಇನ್ನೊಂದು ದಿನ ಹೋಗಿ. ಮಣ್ಣಿನಲ್ಲಿ ಫೋರ್ ವೀಲ್ ಹಾಕಿಸಿ ಮುಂದಿನ ಶಾಫ್ಟ್ ತಿರುಗುತ್ತಿದೆಯಾ ಅಂತ ಹೊರಗೆ ನಿಂತು ನೋಡಿ. ಲಿವರ್ ಹೋಗುತ್ತದೆ, ಶಾಫ್ಟೇ ಕಳಚಿ ಇಟ್ಟಿರುತ್ತಾರೆ, ಅಂಥ ಗಾಡಿಯೂ ಮಾರಾಟಕ್ಕೆ ಬರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಮುಂದೆ 'ಕಟಕಟ' ಅಂದರೆ ಆಕ್ಸಲ್ ಜಾಯಿಂಟ್ ಸವೆದಿದೆ, ಬೆಲೆ ಇಳಿಸಿ ಕೇಳಿ.

ಕಾಗದದ ವಿಷಯ: ಚಾಸಿಸ್ ಮೇಲಿನ ನಂಬರ್ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೊಂದಿಸಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 (ಸಾಲ ತೀರಿದೆ ಅನ್ನುವ ಕಾಗದ) ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಗೂಡ್ಸ್ ಅಂತ ರಿಜಿಸ್ಟರ್ ಆಗಿದ್ದರೆ ಬಿಳಿ ಬೋರ್ಡ್ ಕಾರಿನ ಲೆಕ್ಕ ನಡೆಯೋದಿಲ್ಲ. ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳದಿ ಬೋರ್ಡಿಗೆ 8 ವರ್ಷ ಆದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಎಫ್‌ಸಿ ಮುಗಿಯೋಕೆ ಎಷ್ಟು ತಿಂಗಳು ಇದೆ ಅಂತ ನೋಡಿ. ಹದಿನೈದು ದಿನ ಉಳಿದಿದ್ದರೆ, ಗಾಡಿ ಯಾಕೆ ಮಾರುತ್ತಿದ್ದಾರೆ ಅಂತ ಕೇಳೋ ಅಗತ್ಯವೇ ಇಲ್ಲ. ಎಫ್‌ಸಿ ಮಾಡಿಸಿಕೊಟ್ಟರೆ ತಗೋತೀನಿ ಅನ್ನಿ.